ಊಟಕ್ಕೆ ಬಡಿಸುತ್ತಾ ಆಡಿದ ಮಾತು

ಆ ಊರಿನ ಹೆಸರು ಬರೆಯುವುದಿಲ್ಲ. ನಾನು ಹೇಳಲಿರುವ ಮನೆತನದವರು ಇನ್ನೂ ಆ ಭಾಗದಲ್ಲೇ ಇದ್ದಾರೆ. ಕೊಪ್ಪಳದಲ್ಲಿ ಬಸ್ಸು ಹತ್ತಿ, ಎರೆ ಹೊಲಗಳ ನಡುವಿನ ಧೂಳಿನ ದಾರಿ ದಾಟಿದರೆ ಸಿಗುವ ಊರು ಅಂದರೆ ಸಾಕು.

ಎಪ್ಪತ್ತರ ದಶಕದ ನಡುವೆ ಮದುವೆಯಾಗಿ ಕುಕನೂರು ಕಡೆಯ ಹಳ್ಳಿಯಿಂದ ನಾನು ಅಲ್ಲಿಗೆ ಬಂದೆ. ನಮ್ಮ ಮನೆಯವರು ಆಡಿಟರ್. ಸಾಲಿ, ದವಾಖಾನೆ, ರಸ್ತೆ ಅಂತ ಸರಕಾರದ ದುಡ್ಡು ಎಲ್ಲೆಲ್ಲಿ ಖರ್ಚಾಯಿತು, ಸರಿಯಾಗಿ ಖರ್ಚಾಯಿತೋ ಇಲ್ಲವೋ ಎಂದು ನೋಡಿ ಬರೆಯುವುದು ಅವರ ಕೆಲಸ. ಖರ್ಚು ಮಾಡುವವರ ಕೈಕೆಳಗೆ ಅವರಿರಲಿಲ್ಲ. ಪಗಾರ ಬೇರೆ ಕಡೆಯಿಂದ ಬರುತ್ತಿತ್ತು, ಮೇಲಿನ ಸಾಹೇಬರು ಬೇರೆ ಊರಲ್ಲಿದ್ದರು. "ಹಂಗಿದ್ದರನ ಇದ್ದದ್ದನ್ನ ಇದ್ದಂಗ ಬರಿಯಾಕ ಬರತೈತಿ" ಎಂದು ಹೊಸದರಲ್ಲೇ ನನಗೆ ತಿಳಿಸಿ ಹೇಳಿದ್ದರು. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಂದು ತಿರುಗುವುದೇ ಹೆಚ್ಚು. ಸೋಮವಾರ ಹೋದರೆ ಶನಿವಾರ ಬರುವರು.

ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಊರಲ್ಲಿ ಯಾರು ಏನು ಕೊಟ್ಟರೂ ಇಸಿದುಕೊಳ್ಳಬಾರದು. ನಾನು ಬಂದ ಹೊಸದರಲ್ಲಿ ಯಾವುದೋ ಕಚೇರಿಯ ಜವಾನ ಒಂದು ಗಡಿಗೆ ಮೊಸರು ತಂದು ಕಟ್ಟೆಯ ಮೇಲಿಟ್ಟು ಹೋಗಿದ್ದ. ಎಮ್ಮೆಯ ಮೊಸರು, ಮೇಲೆ ಬೆರಳು ದಪ್ಪ ಕೆನೆ. ಹಳ್ಳಿಯಿಂದ ಬಂದವಳು ನಾನು, ಒಳಗೆ ತಂದಿಟ್ಟುಕೊಂಡೆ. ನಮ್ಮ ಮನೆಯವರು ಬಂದು ನೋಡಿದವರೇ ಗಡಿಗೆ ಎತ್ತಿಕೊಂಡು, ಬಿಸಿಲಿನಲ್ಲಿ ಊರ ನಡುವೆ ನಡೆದುಕೊಂಡು ಹೋಗಿ ಕೊಟ್ಟವನ ಕೈಗೇ ಕೊಟ್ಟು ಬಂದರು. ನೋಡಿದವರೆಲ್ಲ ನಕ್ಕರಂತೆ. ಅದಾದ ಮೇಲೆ ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಕೊಡುವ ಮನಸ್ಸಿನವರು ಬರಲಿಲ್ಲ, ಸುಮ್ಮನೆ ಮಾತಾಡಲು ಬರಬಹುದಾದವರೂ ಬರಲಿಲ್ಲ. ನಲ್ಲಿಯ ಹತ್ತಿರ ನಾನು ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು.

ಬಂದವಳು ಒಬ್ಬಳೇ, ಪಕ್ಕದ ಮನೆಯಾಕೆ. ನನಗಿಂತ ಐದಾರು ವರ್ಷ ದೊಡ್ಡವಳು. ಗಂಗಾವತಿ ಕಡೆ ಅಕ್ಕಿ ವ್ಯಾಪಾರದವರ ಮನೆಯ ಮಗಳು. ಗಂಡ ತಾಲೂಕು ಬೋರ್ಡಿನಲ್ಲಿ ಓವರ್‌ಸಿಯರ್, ಹಳ್ಳಿಗಳಲ್ಲಿ ಸಾಲಿಗೆ, ದವಾಖಾನೆಗೆ ಕೋಲಿ, ಅಂದರೆ ಕೋಣೆ, ಕಟ್ಟಿಸುವವರು. ನಮ್ಮೆರಡು ಮನೆಗೆ ನಡುವೆ ಒಂದೇ ಗೋಡೆ, ಹಿತ್ತಲದಲ್ಲಿ ಅದೂ ಎದೆಮಟ್ಟ. ಒಂದು ದಿನ ಆ ಗೋಡೆಯ ಮೇಲಿಂದ ಇಣುಕಿ, "ಏ ತಂಗಿ, ಎಷ್ಟ ದಿನ ಒಬ್ಬಾಕಿನ ಗುಬ್ಬಿ ಜೋಡಿ ಮಾತಾಡ್ತಿ? ಬಾ ಇಲ್ಲಿ" ಅಂದಳು. ನಾನು ಗುಬ್ಬಿಗಳಿಗೆ ನುಚ್ಚು ಹಾಕುತ್ತಾ ಮಾತಾಡುತ್ತಿದ್ದದ್ದನ್ನು ಕೇಳಿದ್ದಳು. ಆವತ್ತಿನಿಂದ ಆಕೆಯನ್ನು ಅಕ್ಕ ಎಂದು ಕರೆದೆ. ಗಟ್ಟಿ ದನಿಯವಳು. ಮಕ್ಕಳ ಮೇಲೆ ಸಿಟ್ಟು ಬಂದರೆ ಅರ್ಧ ತೆಲುಗಿನಲ್ಲಿ ಬೈಯುತ್ತಿದ್ದಳು, ಬೈದು ಮುಗಿಯುವ ಮೊದಲೇ ನಗುತ್ತಿದ್ದಳು.

ನಮ್ಮ ಮನೆಯವರಿಗೆ ಇದು ಮೊದಲು ಸರಿಬರಲಿಲ್ಲ. "ಅವರ ಕೆಲಸದ ಲೆಕ್ಕಾ ವರ್ಷಕ್ಕೊಮ್ಮಿ ನಾನ ನೋಡಾಂವ. ಮಾತು ಇರಲಿ, ಕೊಡೂದು ತಗೊಳ್ಳೂದು ಬ್ಯಾಡ" ಅಂದರು. ನಾನು ಹಾಗೇ ನಡೆದುಕೊಂಡೆ. ಆಕೆ ಅನ್ನ ಸಾರು ಕೊಡಲು ಬಂದರೆ, ಆಗಲೇ ಊಟ ಆಯಿತು ಎನ್ನುತ್ತಿದ್ದೆ. ಆಕೆಗೆ ಅದು ಸುಳ್ಳೆಂದು ಗೊತ್ತಿತ್ತು. ಬೇಸರ ಮಾಡಿಕೊಳ್ಳಲಿಲ್ಲ.

ಆ ಕಟ್ಟುಪಾಡು ಮುರಿದದ್ದು ನನ್ನ ಹೆರಿಗೆಯಲ್ಲಿ. ತವರಿಗೆ ಹೋಗಬೇಕೆಂದು ಗಂಟು ಕಟ್ಟಿಟ್ಟಿದ್ದೆ, ದಿನ ತುಂಬುವ ಮೊದಲೇ ಬ್ಯಾನಿ ಶುರುವಾಯಿತು. ನಮ್ಮ ಮನೆಯವರು ಕುಷ್ಟಗಿಯಲ್ಲಿದ್ದರು. ಮಳೆ ಬಂದು ಹಳ್ಳ ತುಂಬಿ ಬಸ್ಸು ನಿಂತಿತ್ತು. ಅಕ್ಕ ಸೂಲಗಿತ್ತಿಯನ್ನು ಕರೆಸಿದಳು. ನನ್ನ ಬೆನ್ನಿಗೆ ತನ್ನ ಎದೆ ಆನಿಸಿ ಹಿಂದೆ ಕೂತಳು. ಆಕೆಯ ಮುಂಗೈಯನ್ನು ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ನನ್ನ ಬಳೆ ಒಡೆದು ಅಲ್ಲಿ ಗಾಯವಾಗಿತ್ತು. ಹೆಣ್ಣು ಕೂಸು ಹುಟ್ಟಿತು, ಅಳಲಿಲ್ಲ. ಸೂಲಗಿತ್ತಿ ತಲೆಯಾಡಿಸಿದಳು. ಅಕ್ಕ ಕೂಸನ್ನು ಕಸಿದುಕೊಂಡು ಬೆನ್ನು ತಿಕ್ಕಿ, ಬಾಯಲ್ಲಿ ಬಾಯಿಟ್ಟು ಊದಿ, ಅಂಗಾಲಿಗೆ ಹೊಡೆದು ಹೊಡೆದು ಅಳಿಸಿದಳು. ಆಮೇಲೆ ತಾನೂ ಅತ್ತಳು.

ಹಳ್ಳ ಇಳಿದ ಮೇಲೆ ನಮ್ಮ ಮನೆಯವರು ಬಂದರು. ಎಲ್ಲವನ್ನೂ ಕೇಳಿ ಕೂಸನ್ನು ಎತ್ತಿಕೊಂಡರು. ಹೆಸರಿಡುವ ದಿನ ಅಕ್ಕ, "ಇವತ್ತರ ನಮ್ಮ ಮನ್ಯಾಗ ಉಣ್ಣರಿ ಸಾಹೇಬ್ರ. ಲೆಕ್ಕದಾಗ ಬರಕೋರಿ ಬೇಕಾದರ" ಎಂದು ಕರೆದಳು. ಅವರು ಹೋಗಿ ಕೂತು ಹೊಟ್ಟೆ ತುಂಬ ಉಂಡರು. ಹೂರಣದ ಹೋಳಿಗೆ, ಗಂಗಾವತಿಯ ಸಣ್ಣಕ್ಕಿ ಅನ್ನ. ಮದುವೆಯಾದ ಮೇಲೆ ಆ ಊರಿನಲ್ಲಿ ಅವರು ಬೇರೆ ಮನೆಯಲ್ಲಿ ಉಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೂಸು ಅಂಬೆಗಾಲಿಡುವ ಹೊತ್ತಿಗೆ ಮತ್ತೆ ಮಳೆಗಾಲ ಬಂತು. ನಮ್ಮದು ಮಣ್ಣಿನ ಮಾಳಿಗೆಯ ಬಾಡಿಗೆ ಮನೆ. ಎಷ್ಟು ಸಾರಿಸಿದರೂ ನೆಲ ಹಸಿ ಏರುತ್ತಿತ್ತು. ಮೂಲೆಯಲ್ಲಿ ಗೊದ್ದ ಇರುವೆ ಏಳುತ್ತಿದ್ದವು. ಕೂಸು ನೆಲ ಕೆರೆದು ಮಣ್ಣು ತಿನ್ನುವುದು, ಭೇದಿ ಆಗುವುದು, ನಾನು ಬೈಯುವುದು. ಅಂಥ ದಿನಗಳಲ್ಲೇ ಅಕ್ಕ ನನ್ನನ್ನು ತಾವು ಕಟ್ಟಿಸುತ್ತಿದ್ದ ಹೊಸ ಮನೆ ನೋಡಲು ಕರೆದುಕೊಂಡು ಹೋದಳು. ಊರ ಹೊರಗೆ, ಬಸ್ ನಿಲ್ದಾಣದ ಆಚೆ. ಗೋಡೆಗಳಿನ್ನೂ ಅರ್ಧ, ಪಡಸಾಲೆಗೆ ಮಾಳಿಗೆಯೇ ಇಲ್ಲ. ಅಡಿಗಿಮನಿ ಮಾತ್ರ ಪೂರಾ ಆಗಿತ್ತು.

ಬಾಗಿಲಲ್ಲೇ ಚಪ್ಪಲಿ ಬಿಡಿಸಿದಳು. ನೆಲಕ್ಕೆಲ್ಲ ಸಿಮೆಂಟಿನ ಗಚ್ಚು, ಮೇಲೆ ಕೆಂಪು ಬಣ್ಣ ಕೂಡಿಸಿ ತೀಡಿದ್ದರು. ಕಾಲಿಟ್ಟರೆ ತಣ್ಣಗೆ, ನುಣ್ಣಗೆ. ಬಚ್ಚಲ ಕಟ್ಟೆ, ನೀರಿನ ತೊಟ್ಟಿ ಎಲ್ಲವೂ ಸಿಮೆಂಟಿನವೇ. ನನ್ನ ಮಗಳನ್ನು ಕೆಳಗೆ ಬಿಟ್ಟೆ. ಅದು ಆ ನೆಲದ ಮೇಲೆ ಸರ್ರನೆ ಹರಿದುಹೋಗಿ ಕೇಕೆ ಹಾಕಿತು.

"ಸಿಮೆಂಟ್ ಎಲ್ಲಿ ಸಿಕ್ತು ಅಕ್ಕಾ?" ಅಂದೆ. ಆಗ ಸಿಮೆಂಟ್ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ತಹಶೀಲ ಕಚೇರಿಗೆ ಅರ್ಜಿ ಕೊಟ್ಟು, ಪರ್ಮಿಟ್ಟಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು.

"ಬೋರ್ಡಿನ ಕೆಲಸದ್ದು ಉಳದಿತ್ತಂತ, ನಮ್ಮ ಮನಿಯವರು ತಂದ್ರು" ಅಂದಳು. ಮುಚ್ಚಿಡುವ ಮಾತು ಅದೆಂದು ಆಕೆಗೆ ಅನ್ನಿಸಿರಲಿಲ್ಲ. ಉಳಿದ ಬೇಳೆಯ ಬಗ್ಗೆ ಹೇಳುವಂತೆ ಹೇಳಿದಳು.

ಆ ಶನಿವಾರ ನಮ್ಮ ಮನೆಯವರು ಊಟಕ್ಕೆ ಕೂತಿದ್ದರು. ಕೂಸಿಗೆ ಮತ್ತೆ ಹೊಟ್ಟೆ ಕೆಟ್ಟಿತ್ತು. ನಾನು ರೊಟ್ಟಿ ಬಡಿಸುತ್ತಾ ಶುರುಮಾಡಿದೆ.

"ಈ ಮನ್ಯಾಗ ಇನ್ನೆಷ್ಟ ವರ್ಷ ಇರೂದ್ರಿ? ಪಕ್ಕದ ಮನಿಯವರನ್ನ ನೋಡ್ರಿ. ಅವರ ಪಗಾರೇನು ನಿಮಗಿಂತ ಹೆಚ್ಚೈತಿ? ಅಡಿಗಿಮನಿಗೆಲ್ಲ ಸಿಮೆಂಟ್ ಗಚ್ಚು ಮಾಡಿಸ್ಯಾರ. ಮಾಡೂ ಮನಸ್ಸಿದ್ದರ ಹೆಂಗರ ಆಗತೈತಿ."

ಅವರ ಕೈ ನಿಂತಿತು. "ಸಿಮೆಂಟ್ ಎಲ್ಲಿಂದು?"

"ಬೋರ್ಡಿನ ಕೆಲಸದ್ದು ಉಳದಿತ್ತಂತ" ಅಂದೆ. ಇದು ಇವರ ಮುಂದೆ ಆಡುವ ಮಾತಲ್ಲ ಎಂದು ಹೇಳುತ್ತಿರುವಾಗಲೇ ನನಗೆ ತಿಳಿಯಿತು. ತಿಳಿದರೂ ಮಾತು ಮುಗಿಸಿದೆ. ಇಲ್ಲಿಯೇ ನನ್ನ ಮನಸ್ಸು ಇಂದಿಗೂ ಕುಟುಕುವುದು. ಗೊತ್ತಿಲ್ಲದೆ ಬಾಯಿತಪ್ಪಿ ಬಂತು ಎಂದು ಹೇಳಿಕೊಳ್ಳಲು ಬರುವುದಿಲ್ಲ. ಆ ನುಣುಪು ನೆಲ ಕಂಡಾಗಿನಿಂದ ನನ್ನ ಹೊಟ್ಟೆಯಲ್ಲಿ ಏನೋ ಉರಿಯುತ್ತಿತ್ತು, ಅದು ಮಾತಾಗಿ ಹೊರಬಂತು.

ಅವರು ತಾಟಿನಲ್ಲೇ ಕೈ ತೊಳೆದರು. "ಇದನ್ನ ನೀ ನನಗ ಹೇಳಬಾರದಿತ್ತು."

"ಹೇಳಿಲ್ಲಂತ ತಿಳಕೋರಿ ಮತ್ತ" ಅಂದೆ.

"ಕೇಳಿದ ಮ್ಯಾಲೆ ಕೇಳಿಲ್ಲಂತ ಹೆಂಗಿರಲಿ? ಕೆಲಸದ್ದು ಉಳಿಯೂದಂದರ ಏನು? ಗ್ವಾಡಿಗೆ ಹಾಕಬೇಕಾದ್ದು ಹಾಕದಿದ್ದರನ ಉಳೀತೈತಿ. ಅವರು ಈಗ ಕಟ್ಟಸಾಕತ್ತಿದ್ದು ಏನ ಗೊತ್ತೈತೇನು? ಹಳ್ಳಿ ಹೆಣ್ಣುಮಕ್ಕಳ ಹೆರಿಗಿ ಕೋಲಿ."

"ಆಕಿ ನಿಮ್ಮ ಮಗಳ ಜೀವಾ ಉಳಿಸ್ಯಾಳ್ರಿ" ಅಂದೆ.

"ಅದಕ್ಕನ ಆ ಲೆಕ್ಕಾ ನಾ ನೋಡೂ ಹಂಗಿಲ್ಲ. ನೋಡಿ ಬಿಟ್ಟುಬಿಟ್ಟರ ಅವರ ಅನ್ನ ಉಂಡಿದ್ದಕ್ಕ ಬಿಟ್ಟಂಗ ಆಗತೈತಿ. ಬರದರ ಉಂಡ ಮನಿಗೆ ಎರಡು ಬಗದಂಗ ಆಗತೈತಿ. ಎರಡರಾಗೂ ಆ ಗ್ವಾಡಿ ಹೆಂಗೈತಿ ಅನ್ನೂದು ನನಗ ಸರಿಯಾಗಿ ಕಾಣೂದಿಲ್ಲ."

ಅವರು ಮಾಡಿದ್ದು ಇಷ್ಟು. ತಾನು ಆ ಓವರ್‌ಸಿಯರರ ಪಕ್ಕದ ಮನೆಯಲ್ಲಿದ್ದೇನೆ, ಅವರ ಮನೆಯಲ್ಲಿ ಉಂಡಿದ್ದೇನೆ, ಆದ್ದರಿಂದ ಆ ಕೆಲಸವನ್ನು ಬೇರೆಯವರು ನೋಡಲಿ ಎಂದು ಮೇಲಿನವರಿಗೆ ತಿಳಿಸಿದರು. ಸಿಮೆಂಟಿನ ಸಂಗತಿಯನ್ನೂ ಕೇಳಿದ್ದು ಕೇಳಿದ ಹಾಗೆ ತಿಳಿಸಿದರು.

ಕೆಲವು ವಾರಗಳ ಮೇಲೆ ಬೇರೆ ಊರಿನಿಂದ ಒಬ್ಬ ಹಿರಿಯ ಆಡಿಟರ್ ಬಂದರು. ಬಿಳಿ ಟೊಪ್ಪಿಗೆ, ದಪ್ಪ ಕನ್ನಡಕ, ಮೃದು ಮಾತು. ನಮ್ಮ ಮನೆಯವರನ್ನು ಕಾಣಲು ಬಾಗಿಲಿಗೆ ಬಂದಾಗ ನಾನು ಚಹಾ ತಂದೆ. ಕೈಮುಗಿದು, "ತಪ್ಪ ತಿಳಕೋಬ್ಯಾಡ್ರಿ ತಾಯಿ. ಈ ಕೆಲಸ ಮುಗಿಯೂತನಕ ನಿಮ್ಮ ಮನಿ ನೀರೂ ನನಗ ಬ್ಯಾಡ" ಅಂದರು. ಅವರು ಪ್ರವಾಸಿ ಮಂದಿರದಲ್ಲಿ ಇಳಿದು, ಖಾನಾವಳಿಯಲ್ಲಿ ಉಂಡು, ಮರುದಿನ ಬಸ್ಸಿನಲ್ಲಿ ಆ ಹಳ್ಳಿಗೆ ಹೋದರು. ಓವರ್‌ಸಿಯರರನ್ನೂ ಹಳ್ಳಿಯ ಹಿರಿಯರನ್ನೂ ಜೊತೆಗೆ ನಿಲ್ಲಿಸಿಕೊಂಡು, ತಮ್ಮ ಕೈಪೆಟ್ಟಿಗೆಯ ಕೀಲಿಕೈಯಿಂದ ಹೆರಿಗೆ ಕೋಲಿಯ ಗೋಡೆ ಕೆರೆದರಂತೆ. ಗಾರೆ ಉಸುಕಿನಂತೆ ಸುರಿಯಿತಂತೆ. ಕಲ್ಲಿನ ಸಂದಿಯಲ್ಲಿ ಬೆರಳು ಹೋಗುತ್ತಿತ್ತಂತೆ. ಓವರ್‌ಸಿಯರ್ ಏನೂ ವಾದ ಮಾಡಲಿಲ್ಲ, ತಲೆ ತಗ್ಗಿಸಿ ನಿಂತಿದ್ದರು ಎಂದು ಆಮೇಲೆ ಕೇಳಿದೆ.

ಆ ಸಂಜೆಯೇ ಅಕ್ಕ ಹಿತ್ತಲದ ಗೋಡೆಯ ಹತ್ತಿರ ಬಂದಳು. ತಲೆ ಬಾಚಿರಲಿಲ್ಲ.

"ತಂಗಿ, ಯಾರೋ ನಮಗ ಆಗದವರು ಅರ್ಜಿ ಬರದಾರ. ಆ ಕೋಲಿ ಗುತ್ತಿಗಿದಾರನ ಇರಬೇಕು, ನಮ್ಮವರು ಬಿಲ್ಲ ತಡದಾರಂತ ಸಿಟ್ಟಿತ್ತು ಅವಗ. ನಿಮ್ಮವರಿಗೆ ಒಂದು ಮಾತು ಹೇಳ. ಬಂದಾಂವ ಅವರ ಇಲಾಖೆದವನ ಅಲ್ಲ? ಗ್ವಾಡಿ ನಾವು ಮತ್ತ ಕಟ್ಟಸ್ತೀವಿ. ನನ್ನ ಬಂಗಾರ ಅದಾವು."

"ಹೇಳತೀನಿ ಅಕ್ಕಾ" ಅಂದೆ.

ಅರ್ಜಿ ಬರೆದವರು ಯಾರೂ ಇಲ್ಲ, ನಿನ್ನ ಬಾಯಿಂದ ಬಂದದ್ದೇ ನನ್ನ ಬಾಯಿಂದ ಹೋಯಿತು ಎಂದು ಹೇಳಬೇಕಿತ್ತು. ಆಕೆ ಗೋಡೆಯ ಮೇಲೆ ಕೈಯಿಟ್ಟಿದ್ದಳು. ನನ್ನ ಬಳೆ ಕೊರೆದ ಕಲೆ ಮುಂಗೈಯಲ್ಲಿ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಆಕೆಗೆ ಹೇಳಲಿಲ್ಲ. ಆಕೆಯ ಮಾತನ್ನು ಗಂಡನಿಗೂ ಮುಟ್ಟಿಸಲಿಲ್ಲ. ಅವರೇನು ಹೇಳುತ್ತಾರೆಂದು ಗೊತ್ತಿತ್ತು. ಮರುದಿನ ಅಕ್ಕ ಕೇಳಿದಾಗ, "ಹೇಳೀನಿ, ಅವರ ಕೈಯಾಗ ಇಲ್ಲಂತ" ಎಂದು ಸುಳ್ಳು ಹೇಳಿದೆ.

ಓವರ್‌ಸಿಯರರನ್ನು ಕೆಲಸದಿಂದ ಅಮಾನತ್ತಿನಲ್ಲಿಟ್ಟರು. ಗೋಡೆ ಕೆಡವಿ ಹೊಸದಾಗಿ ಕಟ್ಟಲು ಹುಕುಂ ಆಯಿತು. ಊರಲ್ಲಿ ಒಂದೇ ಮಾತು. ನಮ್ಮ ಮನೆಯವರೇ ಹಿಂದೆ ನಿಂತು ಮಾಡಿಸಿದರು ಎಂದೇ ಎಲ್ಲರೂ ಅಂದರು. ಅವರು ಯಾರಿಗೂ ಉತ್ತರ ಕೊಡಲಿಲ್ಲ, ಹೆಂಡತಿ ಹೇಳಿದಳು ಎಂದು ಒಮ್ಮೆಯೂ ಯಾರ ಮುಂದೆಯೂ ಬಾಯಿಬಿಡಲಿಲ್ಲ. ಅಕ್ಕ ಗೋಡೆಯ ಹತ್ತಿರ ಬರುವುದನ್ನು ಬಿಟ್ಟಳು. ನನ್ನ ಮಗಳು ಮಾತ್ರ ಗೋಡೆಯತ್ತ ಕೈ ಚಾಚಿ "ದೊಡ್ಡವ್ವಾ" ಎಂದು ತೊದಲುತ್ತಿತ್ತು. ಒಂದೆರಡು ಸಲ ಆಕೆ ತಡೆಯಲಾರದೆ ಬಂದು ಎತ್ತಿಕೊಂಡು, ನನ್ನ ಮುಖ ನೋಡದೆ ಕೂಸಿನ ಜೊತೆ ಮಾತಾಡಿ, ವಾಪಸು ಕೊಟ್ಟು ಹೋದಳು.

ದೀಪಾವಳಿಗೆ ಮುಂಚೆ ಅವರು ಮನೆ ಖಾಲಿ ಮಾಡಿದರು. ಹೊರಗಿನ ಆ ಅರ್ಧ ಮನೆಯನ್ನು ಹತ್ತಿ ವ್ಯಾಪಾರಿಯೊಬ್ಬ ಕೊಂಡ. ಅಕ್ಕನ ತಮ್ಮನಿಗೆ ಗಂಗಾವತಿಯಲ್ಲಿ ಅಕ್ಕಿ ಗಿರಣಿ ಇತ್ತು, ಅಲ್ಲಿಗೆ ಹೋದರು. ಚಕ್ಕಡಿಯಲ್ಲಿ ಪಾತ್ರೆ, ಹಾಸಿಗೆ ಏರಿಸುವಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಹೊರಗೆ ಹೋಗಲಿಲ್ಲ. ಆಕೆ ಒಂದು ಸಲ ನಮ್ಮ ಬಾಗಿಲ ಕಡೆ ನೋಡಿದ್ದನ್ನು ಕಂಡೆ.

ನಮ್ಮ ಮನೆಯಲ್ಲೂ ಒಂದು ಸಂಗತಿ ಬದಲಾಯಿತು. ಮೊದಲು ಶನಿವಾರ ಬಂದವರೇ, "ಏನ ನಡೀತು ವಾರದಾಗ?" ಎಂದು ಕೇಳುತ್ತಿದ್ದರು, ನಾನು ಬಾಯಿ ನೋಯುವವರೆಗೆ ಹೇಳುತ್ತಿದ್ದೆ. ಆಮೇಲೆ ಅವರು ಕೇಳಲಿಲ್ಲ. ನಾನೂ ಏನಾದರೂ ಹೇಳುವ ಮೊದಲು ಮನಸ್ಸಿನಲ್ಲೇ ತೂಗಿ ನೋಡುವುದನ್ನು ಕಲಿತೆ. ಪಲ್ಯದ ರುಚಿ, ಮಗಳ ಸಾಲಿ, ತವರಿನ ಕಾಗದ, ಇಷ್ಟೇ ನಮ್ಮ ಮಾತು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಎಂಬತ್ತರ ದಶಕದಲ್ಲಿ ಅವರಿಗೆ ಗಂಗಾವತಿಗೇ ವರ್ಗವಾಯಿತು. ಎಲ್ಲಿ ನೋಡಿದರೂ ಕಾಲುವೆ ನೀರು, ಹಸಿರು ಗದ್ದೆ, ಗಿರಣಿಗಳ ಹೊಟ್ಟಿನ ಧೂಳು. ಬಾಡಿಗೆ ಮನೆಗೂ ಗಚ್ಚಿನ ನೆಲವೇ ಸಿಕ್ಕಿತು. ನಾನು ಅದರ ಮೇಲೆ ಚಾಪೆ ಹಾಸಿಯೇ ಓಡಾಡಿದೆ. ಅಕ್ಕ ಅದೇ ಊರಲ್ಲಿದ್ದಾಳೆ ಎಂದು ಗೊತ್ತಿದ್ದೂ ಒಂದು ವರ್ಷಕ್ಕೂ ಹೆಚ್ಚು ಕಾಲ ಹೋಗಲಿಲ್ಲ. ಮಾರ್ಕೆಟ್ಟಿಗೆ ಹೋದರೆ ಗಿರಣಿಗಳ ಸಾಲು ತಪ್ಪಿಸಿ ಸುತ್ತು ಹಾಕುತ್ತಿದ್ದೆ.

ಕಡೆಗೊಂದು ಮಧ್ಯಾಹ್ನ ಹೋದೆ. ಗಿರಣಿಯ ಹಿಂದೆಯೇ ಮನೆ. ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿ, "ಅಯ್ಯ ತಂಗಿ!" ಎಂದು ಎದ್ದೇಬಿಟ್ಟಳು. ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. "ನನ್ನ ಕೂಸು ಎಷ್ಟ ದೊಡ್ಡದಾಗೇತಿ? ಸಾಲಿ ಎಷ್ಟನೇತ್ತ?" ಎಂದು ಕೇಳಿದಳು. ಆ ಪ್ರೀತಿ ನೋಡಿ ನನಗೆ ಕೂಡಲು ಆಗಲಿಲ್ಲ. ನಿಂತುಕೊಂಡೇ ಹೇಳಿಬಿಟ್ಟೆ.

"ಅಕ್ಕಾ, ಅರ್ಜಿ ಯಾರೂ ಬರದಿರಲಿಲ್ಲ. ನಿನ್ನ ಅಡಿಗಿಮನಿ ನೋಡಿ ಹೊಟ್ಟಿಕಿಚ್ಚಿಗೆ ನಾನ ಇವರ ಮುಂದ ಅಂದಿದ್ದೆ. ನೀ ಬಂದು ಕೇಳಿದಾಗ ಸುಳ್ಳು ಹೇಳಿದೆ. ಅವರಿಗೆ ನಾ ಏನೂ ಹೇಳಿರಲಿಲ್ಲ."

ಗಿರಣಿಯ ಸದ್ದು ಗೋಡೆಯಾಚೆ ದಡದಡ ಎನ್ನುತ್ತಿತ್ತು. ಆಕೆ ಕೂತು, ಮೊರ ಹತ್ತಿರ ಎಳೆದುಕೊಂಡಳು.

"ಗಚ್ಚು ಬೇಕಂತ ಹಟ ಹಿಡದಾಕಿ ನಾನ" ಅಂದಳು. "ಅವರು ಒಲ್ಲೆ ಅಂದಿದ್ರು. ಪರ್ಮಿಟ್ ಬರಲಿ ತಡಿ ಅಂದ್ರು. ನಾನ ಮಾತು ಬಿಟ್ಟು ಕುಂತೆ. ಇಷ್ಟ ವರ್ಷ ಆ ಗುತ್ತಿಗಿದಾರಗ ಶಾಪಾ ಹಾಕೀನಿ. ಅವನ ಮಗಾ ಸತ್ತಾಗ ನನಗ ಒಳಗೊಳಗ ಸಮಾಧಾನ ಆಗಿತ್ತು. ಅಂಥಾದ್ದನ್ನೂ ಮಾಡೀನಿ ನಾನು." ಒಂದು ಹರಳು ಆರಿಸಿ ಬದಿಗೆ ಎಸೆದಳು. ಆಮೇಲೆ, "ಕುಂದರ್ರಿ" ಅಂದಳು.

ಆಕೆ ನನಗೆ ಎಂದೂ ರೀ ಅಂದವಳಲ್ಲ. ಕೂತೆ. ಚಹಾ ಕೊಟ್ಟಳು, ಕುಡಿದೆ. ಮಗಳ ಬಗ್ಗೆ ಮತ್ತೇನೂ ಕೇಳಲಿಲ್ಲ.

ಹೊರಡುವಾಗ ಆಕೆಯ ಗಂಡ ಬಂದರು. ಬನಿಯನ್ನಿಗೆಲ್ಲ ಹೊಟ್ಟು ಮೆತ್ತಿತ್ತು. ನೌಕರಿ ಮತ್ತೆ ಸಿಕ್ಕಿರಲಿಲ್ಲ, ಗಿರಣಿಯಲ್ಲೇ ಉಳಿದಿದ್ದರು. ನನ್ನ ಗುರುತು ಹಿಡಿದು, "ಸಾಹೇಬ್ರು ಅರಾಮದಾರೇನ್ರಿ?" ಎಂದು ಕೇಳಿದರು. ಬಿಸಿಲಿದೆ ಎಂದು ತಾವೇ ಬಸ್ಸಿನವರೆಗೆ ಕಳಿಸಲು ಬಂದರು. ಅಕ್ಕ ಬಾಗಿಲಲ್ಲೇ ನಿಂತಳು.

ದಾರಿಯಲ್ಲಿ ಅವರೇ ಮಾತು ತೆಗೆದರು. "ಆ ಹಳ್ಳ್ಯಾಗ ಹೆರಿಗಿ ಕೋಲಿ ಈಗ ಛಲೋ ನಡದೈತಂತ್ರಿ. ಮೊನ್ನೆ ಆ ಊರಾಂವ ಅಕ್ಕಿ ತಗೊಳ್ಳಾಕ ಬಂದಿದ್ದ, ಅವನ ಹೇಳಿದ. ಅವನ ಇಬ್ಬರು ಮಕ್ಕಳು ಅಲ್ಲೇ ಹುಟ್ಟ್ಯಾವಂತ." ಬನಿಯನ್ನಿನ ಹೊಟ್ಟು ಕೊಡವಿಕೊಂಡರು. "ಖರೇ ಹೇಳತೀನ್ರಿ. ಮಳಿ ಜೋರ ಬಂದಾಗೆಲ್ಲ ಆ ಗ್ವಾಡಿ ಕಣ್ಣ ಮುಂದ ಬರತಿತ್ತು. ಕೆಡವಿದ್ರು ಅಂತ ಕೇಳಿದ ದಿನಾ ನಾ ಹೊಟ್ಟಿ ತುಂಬ ಉಂಡೆ. ನಿಮ್ಮವರಿಗೆ ಹೇಳ್ರಿ, ನನಗೇನೂ ಸಿಟ್ಟಿಲ್ಲ ಅಂತ."

"ಹೇಳತೀನ್ರಿ" ಅಂದೆ.

ಮನೆಗೆ ಬಂದು ಈ ಸಲ ನಿಜವಾಗಿಯೂ ಹೇಳಿದೆ. ಅಕ್ಕನಿಗೆ ನಾನು ಹೇಳಿಕೊಂಡದ್ದು, ಆಕೆ ಅಂದದ್ದು, ಅವರ ಗಂಡ ಅಂದದ್ದು, ಒಂದೂ ಬಿಡದೆ. ನಮ್ಮ ಮನೆಯವರು ಕನ್ನಡಕ ತೆಗೆದು ಒರೆಸುತ್ತಾ ಕೇಳಿಸಿಕೊಂಡರು.

"ಗ್ವಾಡಿ ನಿಂತೈತಲ್ಲ" ಅಂದರು.

ಅವರಿಗೆ ಅಷ್ಟು ಸಾಕಿತ್ತು. ನನಗೆ ಸಾಲಲಿಲ್ಲ. ಆ ಕೋಲಿಯಲ್ಲಿ ಹೆತ್ತ ಹೆಣ್ಣುಮಕ್ಕಳ ನೆನಪು ಆವತ್ತು ರೊಟ್ಟಿ ಬಡಿಸುವಾಗ ನನ್ನ ತಲೆಯಲ್ಲಿ ಒಂದು ಕ್ಷಣವೂ ಇರಲಿಲ್ಲ. ಒಳ್ಳೆಯದಾಯಿತು ನಿಜ, ಆದರೆ ಅದರಲ್ಲಿ ನನ್ನ ಪಾಲು ಎಂದು ಎತ್ತಿಕೊಳ್ಳಲು ಏನೂ ಇಲ್ಲ. ಗಂಗಾವತಿ ಬಿಡುವವರೆಗೂ ಹಬ್ಬ ಹರಿದಿನಕ್ಕೆ ಮಗಳನ್ನು ಆ ಮನೆಗೆ ಕಳಿಸುತ್ತಿದ್ದೆ. ಅಕ್ಕ ಆಕೆಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ತಲೆ ಬಾಚಿ, ಹೂ ಮುಡಿಸಿ, ಊಟ ಮಾಡಿಸಿ ಕಳಿಸುತ್ತಿದ್ದಳು. ನನ್ನನ್ನು ಬಾ ಎಂದು ಕರೆದು ಕಳಿಸಲಿಲ್ಲ, ನಾನೂ ಹೋಗಲಿಲ್ಲ.